ಎತ್ತರದ ಕುರ್ಚಿಗೆ ಬೇಕಾದ ಸಂಯಮ

ಟೆನಿಸ್ ಅಂಪೈರ್‌ಗೆ ಚುರುಕು ಕಣ್ಣಿಗಿಂತಲೂ ಸಂಯಮವೇ ಮುಖ್ಯವೆಂದು ನಾನು ನಂಬಿದ್ದೇನೆ. ಏಕೆಂದರೆ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬುದನ್ನು ಈಗ ಬಹುತೇಕ ದೊಡ್ಡ ಟೂರ್ನಿಗಳಲ್ಲಿ ಕ್ಯಾಮೆರಾಗಳೇ ನಿರ್ಧರಿಸುತ್ತವೆ. 2025ರಲ್ಲಿ ವಿಂಬಲ್ಡನ್ ಕೂಡ ಗೆರೆಗಳ ಬಳಿ ನಿಂತು ತೀರ್ಪು ಹೇಳುತ್ತಿದ್ದ ಲೈನ್ ಅಂಪೈರ್‌ಗಳನ್ನು ಕೈಬಿಟ್ಟಿತು.

ಸ್ವೀಡನ್ನಿನ ಮೊಹಮ್ಮದ್ ಲಾಹ್ಯಾನಿ 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಹೂ ನಡುವಣ ಪಂದ್ಯಕ್ಕೆ ಅಂಪೈರ್ ಆಗಿದ್ದರು. ಮೂರು ದಿನಗಳಲ್ಲಿ ಒಟ್ಟು 11 ಗಂಟೆ 5 ನಿಮಿಷ ನಡೆದ, ಕೊನೆಯ ಸೆಟ್ 70-68ರಲ್ಲಿ ಮುಗಿದ ಆ ಆಟದುದ್ದಕ್ಕೂ ಗಮನ ಕದಡದೆ ಅಂಕ ಹೇಳುತ್ತಾ ಕುಳಿತದ್ದು ಸಾಮಾನ್ಯ ಸಾಧನೆಯಲ್ಲ.

ಅದೇ ಲಾಹ್ಯಾನಿ 2018ರ ಯುಎಸ್ ಓಪನ್‌ನಲ್ಲಿ, ಮೊದಲ ಸೆಟ್ ಸೋತು ಎರಡನೆಯದರಲ್ಲಿ 0-3 ಹಿಂದಿದ್ದು ಆಸಕ್ತಿಯೇ ಇಲ್ಲದಂತೆ ಆಡುತ್ತಿದ್ದ ನಿಕ್ ಕಿರಿಯೋಸ್ ಬಳಿಗೆ ಕುರ್ಚಿಯಿಂದ ಇಳಿದು ಹೋಗಿ, ನೆರವಾಗಬೇಕೆಂದಿದ್ದೇನೆ ಎಂಬರ್ಥದ ಮಾತನಾಡಿದರು. ಕಿರಿಯೋಸ್ ಚೇತರಿಸಿಕೊಂಡು ಪಂದ್ಯವನ್ನೇ ಗೆದ್ದರು. ಅಂಪೈರ್ ತಮ್ಮ ಮೇರೆ ಮೀರಿದರೆಂದು ಸಂಘಟಕರು ಹೇಳಿದರು. ಮಣ್ಣಿನ ಅಂಕಣದಲ್ಲಿ ಚೆಂಡಿನ ಗುರುತು ಪರೀಕ್ಷಿಸಲು ಅಂಪೈರ್ ಕೆಳಗಿಳಿಯುವುದುಂಟು, ಅದು ಅವರ ಕೆಲಸವೇ. ಇಲ್ಲಿ ಇಳಿದದ್ದು ಅದಕ್ಕಲ್ಲ. ಲಾಹ್ಯಾನಿಯವರ ಕಳಕಳಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಅಲ್ಲಿಯವರೆಗೆ ಚೆನ್ನಾಗಿ ಆಡಿ ಮುಂದಿದ್ದ ಎದುರಾಳಿ, ಫ್ರಾನ್ಸ್‌ನ ಎರ್ಬೇರ್‌ಗೆ ಅದರಿಂದ ಅನ್ಯಾಯವಾಯಿತೆಂದೇ ಇಂದಿಗೂ ನನ್ನ ಅಭಿಪ್ರಾಯ.