ಸೋನಾ ಮಸೂರಿ ಗದ್ದೆಯಲ್ಲಿ ಪಿ7 ಎಂಬ ಪುಟ್ಟ ಪ್ರೋಟೀನ್

"ಎಲೆಯ ಅಂಚೆಲ್ಲ ಒಣಗುತ್ತಿದೆ, ಒಮ್ಮೆ ಬಂದು ನೋಡವ್ವಾ" ಎಂದು ಕಾರಟಗಿಯಿಂದ ಕಾಕಾ ಫೋನ್ ಮಾಡಿದಾಗ ಗಂಗಾವತಿಯಿಂದ ಬೆಳಗಿನ ಬಸ್ ಹಿಡಿದೆ. ದೂರದಿಂದ ಪೈರು ಹಸಿರಾಗಿಯೇ ಕಾಣುತ್ತಿತ್ತು. ಬದುವಿನ ಮೇಲೆ ಕುಳಿತು ಬಗ್ಗಿ ನೋಡಿದರೆ, ತುದಿಯಿಂದ ಅಂಚಿನ ಗುಂಟ ಅಲೆಅಲೆಯಾಗಿ ಒಣಹುಲ್ಲಿನ ಬಣ್ಣ ಇಳಿದುಬರುತ್ತಿತ್ತು.

ರೋಗ ಬಿದ್ದ ಎಲೆಯೊಂದನ್ನು ಕತ್ತರಿಸಿ, ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ಇಳಿಬಿಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಎಳೆ ಹೊರಟು ತಳಕ್ಕೆ ಇಳಿಯಿತು. ಅದು ಎಲೆಯ ನಾಳಗಳಲ್ಲಿ ತುಂಬಿಕೊಂಡಿದ್ದ ಬ್ಯಾಕ್ಟೀರಿಯಾ. ಪೋಷಕಾಂಶದ ಕೊರತೆಯಿಂದ ಒಣಗಿದ ಎಲೆ ಹೀಗೆ ನೀರನ್ನು ಕದಡುವುದಿಲ್ಲ. ಇದು ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಎಲೆ ಅಂಗಮಾರಿ ರೋಗ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಜಪಾನಿನ ರೈತರು 1884ರಲ್ಲೇ ಗುರುತಿಸಿದ್ದ ರೋಗ ಇದು. ಕಾರಣವಾದ ಜೀವಿಯ ಹೆಸರು ಕ್ಸ್ಯಾಂತೊಮೊನಾಸ್ ಒರೈಜೆ.

ಕಾಕಾ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ನಮ್ಮ ಪೈರಿಗೆ ರೋಗ ತರುವ ಇದಕ್ಕೆ ಯಾವ ರೋಗವೂ ಬರುವುದಿಲ್ಲವೇನವ್ವಾ?"

ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುವ ನನಗೆ ಇಷ್ಟು ಒಳ್ಳೆಯ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಬರುತ್ತದೆ ಎಂದೆ. ಬ್ಯಾಕ್ಟೀರಿಯಾವನ್ನೇ ಹಿಡಿಯುವ ವೈರಾಣುಗಳಿವೆ, ಅವುಗಳಿಗೆ ಫೇಜ್ ಎನ್ನುತ್ತಾರೆ. ಈ ಕ್ಸ್ಯಾಂತೊಮೊನಾಸ್ಅನ್ನು ಹಿಡಿಯುವ ಒಂದಕ್ಕೆ ಎಕ್ಸ್‌ಪಿ10 ಎಂದು ಹೆಸರು. ತೈವಾನಿನ ವಿಜ್ಞಾನಿಗಳು 1967ರಲ್ಲಿ ಅದರ ವಿವರ ಪ್ರಕಟಿಸಿದರು.

ಊಟವಾದ ಮೇಲೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಪಿಯುಸಿ ವಿಜ್ಞಾನ ಓದುತ್ತಿರುವ ಕಾಕಾನ ಮಗಳು ಪಕ್ಕಕ್ಕೆ ಬಂದು ಕುಳಿತಳು. ಪರದೆಯ ಮೇಲೆ ದೊಡ್ಡದೊಂದು ಗಂಟು: ಬ್ಯಾಕ್ಟೀರಿಯಾದ ಆರ್‌ಎನ್‌ಎ ಪಾಲಿಮರೇಸ್. ಡಿಎನ್‌ಎಯನ್ನು ಓದಿ ಆರ್‌ಎನ್‌ಎ ಬರೆಯುವ ಯಂತ್ರ ಅದು. ಅದು ನಿಂತರೆ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಆ ಗಂಟಿನ ಒಂದು ಮೂಲೆಗೆ ಅಂಟಿಕೊಂಡ ಸಣ್ಣ ತುಣುಕೇ ಎಕ್ಸ್‌ಪಿ10 ಹೆಣೆದ ಪ್ರೋಟೀನ್, ಪಿ7. ಇಡೀ ಪ್ರೋಟೀನ್‌ನಲ್ಲಿ ಅದನ್ನು ಕಟ್ಟುವ ಬಿಡಿ ಇಟ್ಟಿಗೆಗಳಾದ ಅಮೈನೋ ಆಮ್ಲಗಳು 73 ಮಾತ್ರ. ಪಾಲಿಮರೇಸ್‌ನಲ್ಲಿರುವುದು ಸಾವಿರಾರು.

ಇಷ್ಟು ಚಿಕ್ಕದು ಅಷ್ಟು ದೊಡ್ಡದರ ಓದು ಶುರುವಾಗದಂತೆ ಹೇಗೆ ತಡೆಯುತ್ತದೆ? ಉತ್ತರ ಅದು ಕುಳಿತಿರುವ ಜಾಗದಲ್ಲಿದೆ. ಪಾಲಿಮರೇಸ್‌ಗೆ ಓದುವ ಶಕ್ತಿಯಿದೆ, ಎಲ್ಲಿಂದ ಓದಬೇಕೆಂಬ ತಿಳಿವಳಿಕೆಯಿಲ್ಲ. ಅದನ್ನು ತೋರಿಸುವುದು ಸಿಗ್ಮಾ ಎಂಬ ಜೊತೆಗಾರ ಪ್ರೋಟೀನ್. ಸಿಗ್ಮಾ ತನ್ನ ಬೇರೆ ಬೇರೆ ಭಾಗಗಳಿಂದ ಪಾಲಿಮರೇಸ್‌ಅನ್ನು ಹಿಡಿದುಕೊಂಡಿರುತ್ತದೆ, ಹಾಗೆ ಹಿಡಿದುಕೊಂಡೇ ಡಿಎನ್‌ಎಯ ಮೇಲಿನ ಆರಂಭದ ಗುರುತುಗಳನ್ನು ಪತ್ತೆ ಮಾಡುತ್ತದೆ. ಪಿ7 ಬಂದು ಪಾಲಿಮರೇಸ್‌ನ ಎರಡು ಘಟಕಗಳಿಗೆ, ಬೀಟಾ ಪ್ರೈಮ್‌ನ ತುದಿಗೂ ಬೀಟಾದ ಒಂದು ಚಾಚಿಗೂ, ಏಕಕಾಲಕ್ಕೆ ತಾಗುತ್ತದೆ. ಆ ಚಾಚು ಸಿಗ್ಮಾ ಹಿಡಿಯಬೇಕಾದ ತಾಣ. ಅಲ್ಲಿ ಹಿಡಿತ ತಪ್ಪಿದ ಸಿಗ್ಮಾ ಕೊನೆಗೆ ಕಳಚಿಯೇ ಹೋಗುತ್ತದೆ. 2014ರಲ್ಲಿ ಪ್ರಕಟವಾದ ರಚನೆಯ ಅಧ್ಯಯನ ಇದನ್ನು ಬಿಡಿಸಿಟ್ಟಿತು.

ಕಾಕಾ ತಟ್ಟನೆ ಹೇಳಿದರು: "ಕಟಾವಿನ ಮಷಿನ್ ಬಂದಿದೆ, ಡ್ರೈವರ್ ಇದ್ದಾನೆ, ಯಾರ ಗದ್ದೆ ಎಂದು ತೋರಿಸುವವನನ್ನು ಮಾತ್ರ ದಾರಿಯಲ್ಲೇ ಇಳಿಸಿಬಿಟ್ಟರು." ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ನನ್ನನ್ನು ನಿಜಕ್ಕೂ ಹಿಡಿದಿಡುವುದು ಪಿ7ನ ಎರಡನೆಯ ಕೆಲಸ. ಹೊಸ ಓದನ್ನು ಆರಂಭವಾಗದಂತೆ ತಡೆಯುವ ಅದೇ ಪಿ7, ಈಗಾಗಲೇ ಓದುತ್ತಿರುವ ಪಾಲಿಮರೇಸ್ ನಿಲ್ಲದಂತೆಯೂ ತಡೆಯುತ್ತದೆ. ಸಾಮಾನ್ಯವಾಗಿ ಹೊಸ ಆರ್‌ಎನ್‌ಎ ಎಳೆ ಯಂತ್ರದಿಂದ ಹೊರಬರುವಾಗ ತನ್ನ ಮೇಲೆ ತಾನೇ ಮಡಚಿಕೊಂಡರೆ, ಅದೇ ನಿಲ್ಲುವ ಸೂಚನೆ. 2019ರಲ್ಲಿ ಚೀನಾದ ಸಂಶೋಧಕರು ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ ಪಿ7 ಆ ಎಳೆ ಹೊರಬೀಳುವ ದಾರಿಯ ಬಾಯಲ್ಲೇ ಇತ್ತು. ದಾರಿ ಕಿರಿದಾಗಿತ್ತು, ಎಳೆಗೆ ಮಡಚಿಕೊಳ್ಳಲು ಜಾಗವಿರಲಿಲ್ಲ. ಹೀಗಾಗಿ ನಿಲ್ಲಬೇಕಾದ ತಾಣ ದಾಟಿ ಓದು ವೈರಾಣುವಿನ ಮುಂದಿನ ಜೀನ್‌ಗಳಿಗೂ ಸಾಗುತ್ತದೆ. ಯಂತ್ರವನ್ನು ಮುರಿಯದೆ ತನ್ನ ಕೆಲಸಕ್ಕೆ ತಿರುಗಿಸಿಕೊಳ್ಳುವ ಈ ಜಾಣ್ಮೆಯನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ.

"ಎಲ್ಲ ಬ್ಯಾಕ್ಟೀರಿಯಾಕ್ಕೂ ಹೀಗೆಯೇ ಆಗುತ್ತದೆಯೇ ಅಕ್ಕಾ?" ಎಂದಳು ತಂಗಿ. ಇಲ್ಲ. ನಮ್ಮ ಕರುಳಿನಲ್ಲಿರುವ ಇ. ಕೋಲಿಯ ಪಾಲಿಮರೇಸ್ ಪಿ7ಗೆ ಜಗ್ಗುವುದಿಲ್ಲ. ಬೀಟಾ ಪ್ರೈಮ್‌ನ ತುದಿಯ ಕೆಲವೇ ಅಮೈನೋ ಆಮ್ಲಗಳು ಅಲ್ಲಿ ಬೇರೆ.

ಕಾಕಾನ ಮನಸ್ಸು ಆಗಲೇ ಗದ್ದೆಗೆ ಮರಳಿತ್ತು. "ಹಾಗಾದರೆ ಆ ವೈರಾಣುವನ್ನೇ ಬಾಟಲಿಯಲ್ಲಿ ತಂದು ಸಿಂಪಡಿಸಿದರಾಗದೇ? ಔಷಧದ ಖರ್ಚಾದರೂ ತಪ್ಪುತ್ತದೆ." ಅಷ್ಟು ಸುಲಭವಲ್ಲ ಎಂದು ಹೇಳಬೇಕಾಯಿತು. ಎಲೆಯ ಮೇಲೆ ಬಿದ್ದ ಫೇಜ್‌ಗಳನ್ನು ಬಿಸಿಲಿನ ನೇರಳಾತೀತ ಕಿರಣ ಬೇಗ ಹಾಳುಮಾಡುತ್ತದೆ. ನಮ್ಮ ಕೊಪ್ಪಳ ಸೀಮೆಯ ಬಿಸಿಲು ಯಾರಿಗೆ ಗೊತ್ತಿಲ್ಲ? ಬ್ಯಾಕ್ಟೀರಿಯಾ ಇರುವುದು ನಾಳದ ಒಳಗೆ. ಜೊತೆಗೆ ಅವು ಫೇಜ್‌ಗೆ ಬಗ್ಗದ ಸಂತತಿಯನ್ನೂ ಹುಟ್ಟಿಸಿಕೊಳ್ಳುತ್ತವೆ. ಆದರೂ ಇಂಥ ಪ್ರೋಟೀನ್‌ಗಳ ರಚನೆ ತಿಳಿಯುವುದು ವ್ಯರ್ಥವಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಕೂಡ ಬ್ಯಾಕ್ಟೀರಿಯಾದ ಪಾಲಿಮರೇಸ್‌ಅನ್ನೇ ಹಿಡಿಯುವ ಔಷಧ, ಹಿಡಿಯುವ ಜಾಗ ಮಾತ್ರ ಬೇರೆ. ಆ ಯಂತ್ರದಲ್ಲಿ ಕೈಹಾಕಬಹುದಾದ ಮತ್ತೊಂದು ಜಾಗವನ್ನು ವೈರಾಣು ನಮಗೆ ತೋರಿಸಿಕೊಟ್ಟಿದೆ.

ಈ ಹಂಗಾಮಿಗೆ ಮಾಡಬಹುದಾದದ್ದನ್ನು ಸಂಜೆ ಮಾತಾಡಿಕೊಂಡೆವು: ಮೇಲುಗೊಬ್ಬರವಾಗಿ ಇನ್ನು ಯೂರಿಯಾ ಬೇಡ, ನಿಂತ ನೀರು ಬಸಿಯಬೇಕು, ಆ ನೀರು ಕೆಳಗಿನವರ ಗದ್ದೆಗೆ ಹೋಗಬಾರದು. ಮುಂದಿನ ಸಲಕ್ಕೆ 2008ರಲ್ಲಿ ಹೈದರಾಬಾದಿನ ಸಂಸ್ಥೆಗಳು ಬಿಡುಗಡೆ ಮಾಡಿದ, ಈ ರೋಗವನ್ನು ತಡೆದುಕೊಳ್ಳುವ ಸುಧಾರಿತ ಸಾಂಬಾ ಮಸೂರಿ ಎಂಬ ಭತ್ತದ ತಳಿಯ ಬೀಜ ವಿಚಾರಿಸುವುದೆಂದಾಯಿತು. ಕಾಕಾ ಸಲಿಕೆ ಹೆಗಲಿಗೇರಿಸಿ, ಕೆಳಗಿನ ಗದ್ದೆಯವರಿಗೆ ಫೋನ್ ಹಚ್ಚುತ್ತಲೇ ಹೊರಟರು.