ಮಾವನ ಪೋಲೋ, ಅವ್ವನ ಮೂಗು

ನಮ್ಮ ಮಾವ ಸಿಗರೇಟು ಸೇದ್ತಾನೆ ಅನ್ನೋದು ಮನೇಲಿ ಗೊತ್ತಾಗ್ತಿದ್ದಿದ್ದು ಸಿಗರೇಟಿನ ವಾಸನೆಯಿಂದ ಅಲ್ಲ, ಪೋಲೋ ಅನ್ನೋ ತೂತಿನ ಮಿಂಟಿನ ವಾಸನೆಯಿಂದ. ರಾತ್ರಿ ಎಂಟೂವರೆಗೆ ನಮ್ಮ ಬಳ್ಳಾರಿಯ ಕೌಲ್ ಬಜಾರ್ ಕಡೆಯಿಂದ ಸೈಕಲ್ ತಳ್ಕೊಂಡು ಬರೋನು, ಬಾಗಿಲಲ್ಲಿ ಚಪ್ಪಲಿ ಬಿಡೋಕೆ ಮುಂಚೆನೇ ಬಾಯಲ್ಲಿ ಎರಡು ಪೋಲೋ ಕಟಕಟ ಅಂತಿರೋವು, ಅವ್ವ ಅಡುಗೆ ಮನೆಯಿಂದ್ಲೇ "ಏನೋ ತಮ್ಮಾ, ಇವತ್ತು ಎಷ್ಟು ಸುಟ್ಟಿ?" ಅನ್ನೋಳು. ಎಲ್ಲರ ಬಾಯೂ ಉಳ್ಳಾಗಡ್ಡಿ ಬೆಳ್ಳುಳ್ಳಿ ನಾರೋ ಮನೇಲಿ ಒಬ್ಬಂದು ಮಾತ್ರ ತಣ್ಣಗೆ ಘಮ್ ಅಂದ್ರೆ ಅನುಮಾನ ಬರಲ್ವಾ, ಪಾಪ ಮಾವನಿಗೆ ಇಷ್ಟು ಸಣ್ಣ ವಿಷಯ ಹೊಳೀಲಿಲ್ಲ.

ಈಗ್ಯಾಕೆ ನೆನಪಾಯ್ತು ಅಂದ್ರೆ ಹೋದ ವಾರ ಹಳೇ ಜೀನ್ಸ್ ಒಗಿಯೋಕೆ ಹಾಕುವಾಗ, ದೊಡ್ಡ ಜೇಬಿನ ಮೇಲೆ ಇನ್ನೊಂದು ಮರಿ ಜೇಬು ಇರುತ್ತಲ್ಲ, ಅದ್ರಲ್ಲಿ ಅರ್ಧ ಪೋಲೋ ರೋಲ್ ಸಿಕ್ತು. (ಜೀನ್ಸ್ ಹೊಲಿಯೋ ಬಳ್ಳಾರೀಲೇ ಹುಟ್ಟಿ ಬೆಳೆದ್ರೂ ಆ ಜೇಬು ಯಾಕಿದೆ ಅಂತ ಯಾವ ಟೈಲರೂ ನಂಗೆ ಹೇಳಿಲ್ಲ, ಪೋಲೋಗೇ ಇಟ್ಟಿದ್ದು ಅನ್ಕೊಂಡಿದೀನಿ.) ಒಂದು ಬಾಯಿಗೆ ಹಾಕ್ಕೊಂಡು ಇದರ ಚರಿತ್ರೆ ಓದ್ತಾ ಕೂತೆ, ಮಧ್ಯಾಹ್ನ ಅದ್ರಲ್ಲೇ ಹೋಯ್ತು.

ಅಪ್ಪಂದು ಆಗ ಸಣ್ಣ ಕಿರಾಣಿ ಅಂಗಡಿ. ಗಲ್ಲಾ ಪಕ್ಕ ಸಾಲಾಗಿ ಡಬ್ಬಿ, ಕಿತ್ತಳೆ ತೊಳೆ ಥರದ್ದು, ಹುಳಿದು, ಶುಂಠಿದು, ಎಲ್ಲದಕ್ಕೂ ಒಂದೇ ಹೆಸರು ಪೆಪ್ಪರ್‌ಮೆಂಟು. ತಮಾಷೆ ನೋಡಿ, ಅಸಲಿಗೆ ಅದು ಪುದೀನ ಜಾತಿಯ ಒಂದು ಗಿಡದ ಹೆಸರು, ನಾವು ಗಿಡದ ಮುಖನೂ ನೋಡ್ದೆ ಹೆಸರು ತಗೊಂಡು ಸಕ್ಕರೆ ಉಂಡೆಗೆಲ್ಲ ಇಟ್ಬಿಟ್ವಿ. ಹಂಗಾಗಿ ಪೋಲೋ ಬಂದಾಗ ಹುಡುಗ್ರು ಅದನ್ನ ಪೆಪ್ಪರ್‌ಮೆಂಟು ಅಂತ ಕರೀಲೇ ಇಲ್ಲ, "ಅಣ್ಣಾ, ತೂತಿಂದು ಕೊಡು" ಅನ್ನೋರು. ಇಡೀ ಅಂಗಡೀಲಿ ಆ ಹೆಸರಿಗೆ ಯೋಗ್ಯತೆ ಇದ್ದಿದ್ದು ಅದೊಂದಕ್ಕೇ, ಅದಕ್ಕೇ ಆ ಹೆಸರು ಸಿಗ್ಲಿಲ್ಲ.

ತೂತಿನ ಕಥೆ ಪೋಲೋಗಿಂತ ಹಳೇದು. ಅಮೆರಿಕದ ಕ್ಲೀವ್‌ಲ್ಯಾಂಡಲ್ಲಿ ಕ್ಲಾರೆನ್ಸ್ ಕ್ರೇನ್ ಅಂತ ಒಬ್ಬ ಚಾಕಲೇಟ್ ಮಾಡೋನಿದ್ದ, ಬ್ಯಾಸಿಗೆ ಬಂತಂದ್ರೆ ಮಾಲು ಕರಗಿ ವ್ಯಾಪಾರ ಮಲಗೋದು. ಕ್ಲೀವ್‌ಲ್ಯಾಂಡ್ ಬ್ಯಾಸಿಗೆ ಏನು ಮಹಾ ಸ್ವಾಮಿ, ನಮ್ಮಪ್ಪ ಏಪ್ರಿಲ್ ಮೇ ಎರಡು ತಿಂಗಳು ಚಾಕಲೇಟ್ ತರೋದನ್ನೇ ಬಿಟ್ಬಿಡ್ತಿದ್ದ, ಒಂದ್ಸಲ ತಂದಿದ್ದು ಕಾಗದಕ್ಕೆ ಅಂಟ್ಕೊಂಡು ನಾನೂ ತಂಗೀನೂ ನೆಕ್ಕಿ ಮುಗಿಸಿದ್ವಿ. ಇರ್ಲಿ. ಕ್ರೇನ್ 1912ರಲ್ಲಿ ಕರಗದೇ ಇರೋದು ಮಾಡೋಣ ಅಂತ ಮಿಂಟ್‌ಗೆ ಕೈ ಹಾಕ್ದ, ಮಾತ್ರೆ ಒತ್ತೋ ಮಷಿನ್‌ನಲ್ಲಿ ಒತ್ತಿಸ್ದ, ಆಗ ಯುರೋಪಿಂದ ಬರ್ತಿದ್ದವೆಲ್ಲ ದಿಂಬಿನ ಆಕಾರದವು, ತನ್ನದು ಬೇರೆ ಕಾಣ್ಲಿ ಅಂತ ಗುಂಡಗೆ ಮಾಡಿ ನಡುವೆ ತೂತು ಬಿಟ್ಟ. ನೀರಿಗೆ ಬಿದ್ದೋರಿಗೆ ಎಸೀತಾರಲ್ಲ ಆ ಟ್ಯೂಬ್ ಥರ ಕಂಡಿದ್ದಕ್ಕೆ ಹೆಸರು ಲೈಫ್ ಸೇವರ್ಸ್. ಅಷ್ಟೆಲ್ಲ ಮಾಡಿ ಮರುವರ್ಷ ಬರೀ 2,900 ಡಾಲರ್‌ಗೆ ಎಡ್ವರ್ಡ್ ನೋಬಲ್ ಅನ್ನೋನಿಗೆ ಕೊಟ್ಬಿಟ್ಟ!

ಈ ನೋಬಲ್ ಮಾತ್ರ ಪಕ್ಕಾ ವ್ಯಾಪಾರಿ. ರಟ್ಟಿನ ರೋಲ್‌ನಲ್ಲಿ ಇಟ್ಟಿದ್ದ ಮಿಂಟಿಗೆ ಅಂಟಿನ ರುಚಿ ಹತ್ಕೊಂಡು ಘಮ ಹೋಗ್ತಿತ್ತು, ಅವನು ಬೇಗಡೆ ಸುತ್ತಿಸ್ದ. ಆಮೇಲೆ ಅಂಗಡಿಯವರಿಗೆ ಹೇಳ್ದ, ಗಲ್ಲಾ ಪಕ್ಕದಲ್ಲೇ ಇಡಿ, ಬೆಲೆ ಐದು ಸೆಂಟು, ಚಿಲ್ಲರೆ ಕೊಡುವಾಗ ಅದ್ರಲ್ಲೊಂದು ಐದು ಸೆಂಟಿನ ಕಾಸು ಇರೋ ಹಾಗೆ ನೋಡ್ಕೊಳಿ ಅಂತ. ಗಿರಾಕಿ ಕೈಯಲ್ಲಿ ಕಾಸು, ಕಣ್ಮುಂದೆ ಮಿಂಟು. ನಮ್ಮೂರಲ್ಲಿ ಇದನ್ನೇ ಉಲ್ಟಾ ಮಾಡಿದ್ರು, ಕಾಸೇ ಕೊಡೋದು ಬೇಡ ಅಂತ. "ಚಿಲ್ಲರಿ ಇಲ್ಲಪ್ಪ, ಎರಡು ಪೆಪ್ಪರ್‌ಮೆಂಟು ತಗಾ." ಅಪ್ಪನೂ ಇದನ್ನ ಮಾಡಿದಾನೆ, ಮುಚ್ಚಿಡೋದೇನಿಲ್ಲ. ನೋಬಲ್ 1943ರಲ್ಲಿ ರೇಡಿಯೋ ನೆಟ್‌ವರ್ಕ್ ಕೊಂಡ್ಕೊಂಡ, ಅದೇ ಮುಂದೆ ಅಮೆರಿಕದ ಎಬಿಸಿ ಅನ್ನೋ ಟಿವಿ ಕಂಪನಿ ಆಯ್ತು. ಅಪ್ಪ ಹೊಸ ತಕ್ಕಡಿ ಕೊಂಡ್ಕೊಂಡ.

ಪೋಲೋ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್ ಊರಿನ ರೌನ್‌ಟ್ರೀ ಕಂಪನೀಲಿ, ಕಿಟ್‌ಕ್ಯಾಟ್ ಮಾಡಿದ್ದೂ ಅವ್ರೇ. ಜಾರ್ಜ್ ಹ್ಯಾರಿಸ್ ಅನ್ನೋರ ಕಾಲದಲ್ಲಿ, 1939ರಲ್ಲೇ ತಯಾರಿ ಆಗಿತ್ತು, ಅಷ್ಟೊತ್ತಿಗೆ ಯುದ್ಧ ಬಂತು, ಅಂಗಡಿಗೆ ಬಂದಿದ್ದು 1948ಕ್ಕೆ. ಪೋಲಾರ್ ಅಂದ್ರೆ ಧ್ರುವ, ಅಲ್ಲಿನ ತಂಪು, ಅದರಿಂದ ಪೋಲೋ ಅಂತಾರೆ, ಕುದುರೆ ಆಟಕ್ಕೂ ಇದಕ್ಕೂ ಸಂಬಂಧ ಇಲ್ಲ. 1988ರಲ್ಲಿ ನೆಸ್ಲೆ ಇಡೀ ಕಂಪನೀನೇ ತಗೊಂತು.

ನಮಗೆ ಗೊತ್ತಿರೋದು ಆ ಹಸಿರು ನೀಲಿ ಕಾಗದದ್ದೊಂದೇ. ಇಂಗ್ಲೆಂಡಲ್ಲಿ ಸ್ಪಿಯರ್‌ಮಿಂಟ್ ಬಂತು, ಎಕ್ಸ್‌ಟ್ರಾ ಸ್ಟ್ರಾಂಗ್ ಬಂತು, ಶುಗರ್ ಫ್ರೀ ಬಂತು, ಹಣ್ಣಿನ ರುಚಿದೂ ಬಂತು. ಹಣ್ಣಿಂದು ಒತ್ತಿ ಮಾಡಿದ್ದಲ್ಲ, ಪಾಕ ಕುದಿಸಿ ಮಾಡಿದ್ದು, ಗಾಜಿನ ಥರ ಹೊಳೆಯುತ್ತೆ, ನನ್ನ ಲೆಕ್ಕದಲ್ಲಿ ಅದು ತೂತು ಇರೋ ಕಿತ್ತಳೆ ಪೆಪ್ಪರ್‌ಮೆಂಟೇ, ಪೋಲೋ ಅಲ್ಲ. ಒಂದು ಕಾಲಕ್ಕೆ ತೂತನ್ನೇ ಮಾರಿದ್ರು, ಪೋಲೋ ಹೋಲ್ಸ್ ಅಂತ ಸಣ್ಣ ಸಣ್ಣ ತುಂಡು. 1995ರ ಏಪ್ರಿಲ್ ಒಂದಕ್ಕಂತೂ ಯುರೋಪಿನ ನಿಯಮದ ಪ್ರಕಾರ ಇನ್ಮೇಲೆ ತೂತು ಇರಲ್ಲ ಅಂತ ಪೇಪರ್‌ನಲ್ಲಿ ಜಾಹೀರಾತು ಕೊಟ್ಟು ಜನರನ್ನ ಫೂಲ್ ಮಾಡಿದ್ರಂತೆ.

ಸ್ಪಿಯರ್‌ಮಿಂಟ್ ಅಂದ್ರೆ ಹೆಚ್ಚೂ ಕಮ್ಮಿ ನಮ್ಮ ಚಟ್ನಿ ಪುದೀನ. ಅದ್ರಲ್ಲಿ ಘಮ ಇದೆ, ಬಾಯಿ ತಂಪು ಅನ್ನಿಸೋ ಮೆಂಥಾಲ್ ಅನ್ನೋ ಅಂಶ ಇಲ್ಲದಷ್ಟು ಕಮ್ಮಿ, ಅದಕ್ಕೇ ಪುದೀನ ಚಟ್ನಿ ಎಷ್ಟು ತಿಂದ್ರೂ ಬಾಯಿ ಜುಂ ಅನ್ನಲ್ಲ. ಮೆಂಥಾಲ್ ಬೇಕಂದ್ರೆ ಬೇರೆ ಪುದೀನ ಬೇಕು, ಉತ್ತರ ಪ್ರದೇಶದ ಬಾರಾಬಂಕಿ ಕಡೆ ಅದನ್ನ ಎಕರೆಗಟ್ಲೆ ಬೆಳೆದು, ಹೊಲದ ಹತ್ರಾನೇ ಭಟ್ಟಿ ಇಳಿಸಿ ಎಣ್ಣೆ ತೆಗೀತಾರೆ.

ಇನ್ನು ಈ ಜುಂ ಅನ್ನೋದಿದೆಯಲ್ಲ, ಅದು ಸುಳ್ಳು ತಂಪು. ಪೋಲೋ ಬಾಯಿನ ಒಂದು ಡಿಗ್ರಿನೂ ಇಳಿಸಲ್ಲ. ನಮ್ಮ ನರದ ತುದೀಲಿ ತಂಪು ತಾಗಿದ್ರೆ ತೆರೆಯೋ ಒಂದು ಬಾಗಿಲಿದೆ, ಮೆಂಥಾಲ್ ಬಂದು ಕಳ್ಳಗೀಲಿ ಹಾಕಿ ಅದೇ ಬಾಗಿಲು ತೆಗೆಯುತ್ತೆ, ಮೆದುಳು ಪಾಪ ಐಸ್ ಬಂತು ಅನ್ಕೊಳ್ಳುತ್ತೆ. ಮೆಣಸಿನಕಾಯಿದೂ ಇದೇ ಕಸುಬು, ಬಾಗಿಲು ಮಾತ್ರ ಬೇರೆ, ಅದು ಹತ್ರಹತ್ರ 43 ಡಿಗ್ರಿ ಬಿಸಿ ತಾಗಿದ್ರೆ ತೆರೆಯೋದು. 43 ಡಿಗ್ರಿ! ಅಂದ್ರೆ ಮೇ ತಿಂಗಳ ಮಟಮಟ ಮಧ್ಯಾಹ್ನ ರಾಯಲ್ ಸರ್ಕಲ್‌ನಲ್ಲಿ ನಿಂತಂಗೆ. ಮೆಣಸಿನಕಾಯಿ ಖಾರ ಹಿಡ್ಕೊಂಡು ಬಿಸಿಯ ಬಾಗಿಲು ಹುಡುಕಿದ್ದು ಡೇವಿಡ್ ಜೂಲಿಯಸ್, ಮೆಂಥಾಲ್ ಹಿಡ್ಕೊಂಡು ತಂಪಿನ ಬಾಗಿಲು ಹುಡುಕಿದ್ದು ಅವ್ರು ಮತ್ತೆ ಆರ್ಡೆಮ್ ಪಟಪೂಟಿಯನ್, ಇಬ್ರೂ ಬೇರೆಬೇರೆಯಾಗಿ. 2021ರ ವೈದ್ಯಕೀಯ ನೊಬೆಲ್ ಈ ಇಬ್ಬರಿಗೇ, ಸ್ಪರ್ಶದ ಕೆಲಸನೂ ಸೇರಿಸಿ. ಸಂಜೆ ಬಂಡಿ ಮುಂದೆ ನಿಂತು ಮಂಡಕ್ಕಿ ಒಗ್ಗರಣೆ ಜೊತೆ ನಾಲ್ಕು ಮಿರ್ಚಿ ತಿಂದು, ಹಾ ಹೂ ಅಂತ ಪೋಲೋ ಹಾಕ್ಕೊಳ್ತೀವಲ್ಲ, ಆಗ ಬಾಯಲ್ಲಿ ಬಿಸಿನೂ ಇಲ್ಲ ತಂಪೂ ಇಲ್ಲ, ಎರಡು ಸುಳ್ಳು ಜಗಳ ಆಡ್ತಿರ್ತಾವೆ.

ಮಾವನ ವಿಷಯಕ್ಕೆ ಬರ್ತೀನಿ. ಮಿಂಟು ವಾಸನೆ ತೆಗೆಯಲ್ಲ, ಮೇಲೊಂದು ಹೊದಿಕೆ ಹಾಕುತ್ತೆ ಅಷ್ಟೇ. ಬೆಳ್ಳುಳ್ಳಿಯ ಗಂಧಕದ ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ್ಲೇ ಹೊರಗೆ ಬರುತ್ತೆ, ಬಾಯಿ ಎಷ್ಟು ತೊಳೆದ್ರೂ ಉಪಯೋಗ ಇಲ್ಲ. ಸಿಗರೇಟಿಂದು ಅಂಗಿಯಲ್ಲಿ, ಬೆರಳಲ್ಲಿ, ಮೀಸೇಲಿ ಕೂತಿರುತ್ತೆ. ಇದನ್ನೆಲ್ಲ ಮಾವನಿಗೆ ಫೋನ್ ಮಾಡಿ ಹೇಳ್ದೆ. "ಅದು ನಂಗೂ ಗೊತ್ತಿತ್ತೋ, ಅಕ್ಕ ಬೈಲಿ ಅಂತಾನೇ ತಿಂತಿದ್ದೆ" ಅಂದ. ನಂಬ್ಬೇಕೋ ಬಿಡ್ಬೇಕೋ.

ಮಾವ ಸಿಗರೇಟು ಬಿಟ್ಟು ಆರು ವರ್ಷ ಆಯ್ತು. ಪೋಲೋ ಬಿಟ್ಟಿಲ್ಲ. ಹಬ್ಬಕ್ಕೆ ಮನೆಗೆ ಬಂದ್ರೆ ಅವ್ವ ಇನ್ನೂ ಬಾಗಿಲಲ್ಲೇ ಮೂಗು ಅರಳಿಸ್ತಾಳೆ.