ಮುದಗಲ್ಲಿನ ಜಗಲಿಯ ಮೇಲೆ ನಡೆದ ವಾದ

ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಿ ಬಂದವರು ಹುಸೇನಿ ಆಲಂ ದರ್ಗಾದ ಮುಂದಿನ ಜನಸಾಗರವನ್ನೂ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತಲಿನ ಕುಣಿತವನ್ನೂ ಬಣ್ಣಿಸುವುದು ವಾಡಿಕೆ. ನಾನೂ ಅದಕ್ಕಾಗಿಯೇ ಹೋಗಿದ್ದೆ, ಅದನ್ನು ಕಣ್ತುಂಬ ನೋಡಿಯೂ ಬಂದೆ. ಆದರೆ ನನ್ನನ್ನು ಬರೆಯಲು ಕೂರಿಸಿರುವುದು ಕುಣಿತವಲ್ಲ. ನಿವೃತ್ತ ಮುಸ್ಲಿಂ ಮಾಸ್ತರರೊಬ್ಬರೂ ಅವರ ಬಾಲ್ಯದ ಗೆಳೆಯರಾದ ಚರ್ಚಿನ ಉಪದೇಶಿಗಳೂ ಒಂದು ಮನೆಯ ಜಗಲಿಯ ಮೇಲೆ ನಡೆಸಿದ ಮಾತುಕತೆ. ಯೆಹೂದಿಗಳು, ಕ್ರೈಸ್ತರು ಮತ್ತು ಮುಸಲ್ಮಾನರು ಆರಾಧಿಸುವುದು ಒಬ್ಬನೇ ದೇವರನ್ನೇ ಎಂಬ ಪ್ರಶ್ನೆಯನ್ನು ಅವರಿಬ್ಬರೂ ಎಷ್ಟು ಎಚ್ಚರದಿಂದ ಬಿಡಿಸಿದರೆಂದರೆ, ಗ್ರಂಥಾಲಯಗಳಲ್ಲಿ ಕುಳಿತು ಓದಿದ ಯಾವ ಪುಸ್ತಕವೂ ನನಗೆ ಅಷ್ಟು ಸ್ಪಷ್ಟವಾಗಿ ಅದನ್ನು ತೋರಿಸಿರಲಿಲ್ಲ.

ರಾಯಚೂರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಹಮನಿ ಸುಲ್ತಾನ ಮಹಮೂದ್ ಶಾಹನ ಆಳ್ವಿಕೆಯಲ್ಲಿ, 1513ರಲ್ಲಿ ಕಟ್ಟಿದ ಏಕ್ ಮಿನಾರ್ ಮಸೀದಿ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಜೋಡಿ ಮಿನಾರುಗಳ ವೈಭವಕ್ಕಿಂತ ಮೂಲೆಯಲ್ಲಿ ಒಂಟಿಯಾಗಿ ಎದ್ದು ನಿಂತ ಸುಮಾರು 65 ಅಡಿಯ ಈ ಒಂದೇ ಮಿನಾರಿನ ಸಂಯಮ ನನಗೆ ಹೆಚ್ಚು ಪ್ರಿಯ. ಅದು ತಲೆಯೆತ್ತಿದ ಏಳು ವರ್ಷಗಳಿಗೆ, ಅಂದರೆ 1520ರಲ್ಲಿ, ಇದೇ ಊರಿಗಾಗಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ ನಡೆಯಿತು. ರಾಯನ ಪರವಾಗಿ ಪೋರ್ಚುಗೀಸ್ ಬಂದೂಕುಧಾರಿಗಳು ಕೋಟೆಯ ಮೇಲೆ ಗುರಿಯಿಟ್ಟರು. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನಾಡಿಗೆ ಮಸೀದಿಯವರೂ ಶಿಲುಬೆಯವರೂ ಹೊಸಬರಲ್ಲ.

ಲಿಂಗಸುಗೂರಿನಲ್ಲಿ ನನಗಾದ ಅನ್ಯಾಯವನ್ನು ಇಲ್ಲಿ ಹೇಳಲೇಬೇಕು. ಹಬ್ಬದ ದಿನಗಳಲ್ಲಿ ಮುದಗಲ್ಲಿನಲ್ಲಿ ತಂಗಲು ಜಾಗ ಸಿಗುವುದಿಲ್ಲವೆಂದು ತಿಳಿದು, ಲಿಂಗಸುಗೂರಿನ ವಸತಿಗೃಹವೊಂದಕ್ಕೆ ಮುಂಗಡ ಹಣವನ್ನು ಫೋನಿನಲ್ಲೇ ಕಳುಹಿಸಿ ಕೋಣೆ ಕಾಯ್ದಿರಿಸಿದ್ದೆ. ಸಂಜೆ ಹೋಗಿ ಕೇಳಿದರೆ ಕೋಣೆಯನ್ನು ಹೆಚ್ಚು ಬಾಡಿಗೆ ಕೊಟ್ಟವರಿಗೆ ಬಿಟ್ಟಾಗಿತ್ತು. ಮುಂಗಡವನ್ನು ಮರಳಿಸುವ ಮಾತೂ ಬರಲಿಲ್ಲ. ಮೊಹರಂನ ಮುಖ್ಯ ರಾತ್ರಿಯಾದ ಕತ್ತಲ ರಾತ್ರಿಯ ಆಸುಪಾಸಿನಲ್ಲಿ ಅಲ್ಲಿಗೆ ಹೋಗುವವರು ರಸೀದಿ ಕೈಗೆ ಬರದೆ ಯಾರಿಗೂ ಹಣ ಕೊಡಬಾರದು, ಸಾಧ್ಯವಾದರೆ ಮಧ್ಯಾಹ್ನದೊಳಗೇ ಹೋಗಿ ಕೋಣೆಯಲ್ಲಿ ಚೀಲ ಇಟ್ಟುಬಿಡಬೇಕು. ಬಸ್ ನಿಲ್ದಾಣದ ಚಹಾದ ಅಂಗಡಿಯಲ್ಲಿ ನನ್ನ ಪಾಡನ್ನು ಕೇಳಿಸಿಕೊಂಡ ಹಿರಿಯರೊಬ್ಬರು, “ನಮ್ಮ ಮನ್ಯಾಗ ಜಾಗ ಐತಿ, ನಡೀರಿ ಸರ್” ಎಂದು ಮುದಗಲ್ಲಿನ ಬಸ್ಸು ಹತ್ತಿಸಿದರು. ಅವರೇ ಈ ಬರಹದ ಮಾಸ್ತರರು.

ಹಬ್ಬದ ಬಗ್ಗೆ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಕ್ರಿಸ್ತಶಕ 680ರಲ್ಲಿ ಕರ್ಬಲಾದಲ್ಲಿ ಹತರಾದ, ಪ್ರವಾದಿಯವರ ಮೊಮ್ಮಗ ಹುಸೇನರ ಶೋಕಾಚರಣೆ ಇಲ್ಲಿ ಇಡೀ ಸೀಮೆಯ ಹಬ್ಬವಾಗಿದೆ. ಲಿಂಗಾಯತರು, ಕುರುಬರು, ನಾಯಕರು, ದಲಿತರು ಎಲ್ಲರೂ ಹರಕೆ ಹೊತ್ತು ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ, ಕೈಗೆ ಲಾಡಿ ಕಟ್ಟಿಕೊಳ್ಳುತ್ತಾರೆ. ಕರ್ಬಲಾದ ಕಥೆ ಹಾಡುವ ರಿವಾಯತದ ಪದಗಳು ನನಗೆ ಬಹಳ ಹಿಡಿಸಿದವು. ಧ್ವನಿವರ್ಧಕಗಳ ಆರ್ಭಟ ಅವುಗಳನ್ನು ನುಂಗಿಹಾಕುತ್ತಿದ್ದುದು ಮಾತ್ರ ಸಹಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ಮಾಸ್ತರರು ನನ್ನನ್ನು ಚರ್ಚಿಗೆ ಕರೆದುಕೊಂಡು ಹೋದರು. ಮುದಗಲ್ಲಿನ ರೋಮನ್ ಕ್ಯಾಥೋಲಿಕ್ ನೆಲೆ ಬಹಳ ಹಳೆಯದು. 1557ಕ್ಕೂ ಮೊದಲೇ ಜೆಸುಯಿಟ್ ಪಾದ್ರಿಗಳು ಇಲ್ಲಿ ಚರ್ಚು ಕಟ್ಟಿದ್ದರೆಂದು ಹೇಳುತ್ತಾರೆ. ಅಂದರೆ ರಕ್ಕಸಗಿ ತಂಗಡಗಿಯ (ತಾಳಿಕೋಟೆಯ) ಯುದ್ಧಕ್ಕೂ ಮುಂಚೆ, ಕೋಟೆ ಇನ್ನೂ ಕೈಯಿಂದ ಕೈಗೆ ಹೋಗುತ್ತಿದ್ದ ಕಾಲದಲ್ಲಿ, ಇಲ್ಲಿ ಕ್ರೈಸ್ತ ಪೂಜೆ ನಡೆಯುತ್ತಿತ್ತು. ಅಲ್ಲಿಂದ ಉಪದೇಶಿಗಳ ಮನೆಯ ಜಗಲಿಗೆ ಬಂದು ಕುಳಿತೆವು. ಹಿಂದಿನ ರಾತ್ರಿಯ ಸಂಭ್ರಮ ಮನಸ್ಸಿನಲ್ಲಿ ಹಸಿಯಾಗಿದ್ದುದರಿಂದ, ದೇವನೊಬ್ಬ ನಾಮ ಹಲವು ಎಂಬ ಮಾತನ್ನು ಈ ಊರಿನಷ್ಟು ಚೆನ್ನಾಗಿ ಬಾಳಿ ತೋರಿಸಿದ ಊರು ಬೇರೆಯಿಲ್ಲ ಎಂದು ನಾನು ಹೇಳಿದೆ. ಇಬ್ಬರೂ ತಲೆದೂಗುತ್ತಾರೆಂದು ನಾನು ಎಣಿಸಿದ್ದೆ. ಇಬ್ಬರೂ ಸುಮ್ಮನಾದರು.

“ಹಂಗ ಹೇಳೂದು ಸಲೀಸು ಸರ್,” ಎಂದರು ಮಾಸ್ತರರು. “ರಾತ್ರಿ ನೋಡಿದ್ರಲ್ಲ, ಊರೆಲ್ಲ ಅಲಾಯಿ ದೇವರು ಅಂತದ. ನಾ ಹುಸೇನರನ್ನ ನೆನಸಿ ಅಳ್ತೀನಿ, ಆದರ ದೇವರು ಅನ್ನೂದಿಲ್ಲ. ಅವರು ಮನುಷ್ಯರು. ದೇವರ ಸಾಟಿಗೆ ಯಾರನ್ನೂ ಕೂಡಿಸಬಾರದು ಅನ್ನೂದು ನಮ್ಮ ದೀನಿನ ಮೊದಲ ಮಾತು.”

ಉಪದೇಶಿಗಳು ಕೂಡಲೇ, “ನಾವು ಯೇಸುವಿನ ತಾಯಿ ಮರಿಯಮ್ಮನವರ ವಿಷಯದಾಗ ಹೇಳೂದೂ ಅದೇ ರೀ. ಗೌರವ ಬೇರೆ, ಆರಾಧನೆ ಬೇರೆ,” ಎಂದರು. ಬಳಿಕ ಗೆಳೆಯನ ಕಡೆಗೆ ತಿರುಗಿ, “ಆದರ ಯೇಸುಸ್ವಾಮಿಯ ವಿಷಯದಾಗ ನಾ ಹಂಗ ಹೇಳಂಗಿಲ್ಲ. ಅವರಿಗೆ ನಾ ಮಾಡೂದು ಆರಾಧನೆಯೇ. ಅಲ್ಲೇ ನಿನಗೂ ನನಗೂ ಹೊಂದೂದಿಲ್ಲ,” ಎಂದರು. ಮಾಸ್ತರರು ಅದನ್ನು ಒಪ್ಪಿದರು. ಆತ ಯಾರನ್ನೂ ಹಡೆದವನಲ್ಲ, ಯಾರಿಂದಲೂ ಹುಟ್ಟಿದವನಲ್ಲ ಎನ್ನುವ ಇಖ್ಲಾಸ್ ಅಧ್ಯಾಯವನ್ನು ತಾವು ದಿನವೂ ನಮಾಜಿನಲ್ಲಿ ಓದುವುದಾಗಿಯೂ, ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಲ್ಲಿ ಒಬ್ಬನೇ ದೇವರನ್ನು ಕಾಣುವ ಕ್ರೈಸ್ತರ ತ್ರಿತ್ವವನ್ನು ಕುರಿತು, ಮೂವರು ಎನ್ನಬೇಡಿ ಎಂದು ಗ್ರಂಥದವರಿಗೆ ಹೇಳಿದ ಮಾತು ಕುರ್‌ಆನಿನ ನಾಲ್ಕನೆಯ ಅಧ್ಯಾಯದಲ್ಲಿ ನೇರವಾಗಿಯೇ ಇರುವುದಾಗಿಯೂ ಹೇಳಿದರು.

ಹಾಗಾದರೆ ನೀವಿಬ್ಬರೂ ಬೇರೆ ಬೇರೆ ದೇವರನ್ನು ಆರಾಧಿಸುತ್ತೀರಿ ಎಂದಾಯಿತಲ್ಲವೇ ಎಂದು ನಾನು ಕೇಳಿದೆ. ಇಬ್ಬರೂ ಒಟ್ಟಿಗೇ ಇಲ್ಲವೆಂದರು, ಮತ್ತು ಇಬ್ಬರೂ ಕಾರಣ ಕೊಟ್ಟರು. ನನ್ನನ್ನು ಬೆರಗುಗೊಳಿಸಿದ್ದು ಇದೇ. ಮಾಸ್ತರರ ಕಾರಣ ಕುರ್‌ಆನಿನ 29ನೆಯ ಅಧ್ಯಾಯದ 46ನೆಯ ವಾಕ್ಯ: ನಮ್ಮ ದೇವನೂ ನಿಮ್ಮ ದೇವನೂ ಒಬ್ಬನೇ ಎಂದು ಯೆಹೂದಿಗಳಿಗೂ ಕ್ರೈಸ್ತರಿಗೂ ಹೇಳಿರೆಂದು ಅದು ಆಜ್ಞಾಪಿಸುತ್ತದೆ. ಮೂವರು ಎನ್ನಬೇಡಿ ಎಂದ ಗ್ರಂಥವೇ ಇದನ್ನೂ ಹೇಳುತ್ತದೆ ಎಂಬುದನ್ನು ಅವರು ಒತ್ತಿ ತೋರಿಸಿದರು. ತಪ್ಪಾಗಿ ತಿಳಿದುಕೊಂಡಿದ್ದೀರಿ ಎನ್ನುವುದು ಒಂದು ಆಕ್ಷೇಪ, ಬೇರೆಯವನನ್ನೇ ಕರೆಯುತ್ತಿದ್ದೀರಿ ಎನ್ನುವುದು ಇನ್ನೊಂದು. ತಮ್ಮ ಗ್ರಂಥ ಕ್ರೈಸ್ತರ ಮೇಲೆ ಮೊದಲನೆಯದನ್ನು ಹೊರಿಸುತ್ತದೆಯೇ ಹೊರತು ಎರಡನೆಯದನ್ನಲ್ಲ ಎಂದರು.

ಉಪದೇಶಿಗಳ ಕಾರಣ ಮತ್ತೂ ಸೂಕ್ಷ್ಮವಾಗಿತ್ತು. “ಅಬ್ರಹಾಮನಿಗೆ ತ್ರೈಏಕ ದೇವರ ಸಂಗತಿ ಗೊತ್ತಿತ್ತೇನ್ರಿ? ಮೋಶೆಗೆ? ದಾವೀದನಿಗೆ? ಗೊತ್ತಿರಲಿಲ್ಲ. ಆದರ ಅವರ ದೇವರೇ ನಮ್ಮ ದೇವರು ಅಂತ ದಿನಾ ಪೂಜೆಯೊಳಗ ಹೇಳ್ತೀವಿ. ತ್ರಿತ್ವ ಒಪ್ಪದವರೆಲ್ಲ ಬೇರೆ ದೇವರನ್ನ ಪೂಜಿಸ್ತಾರ ಅಂದ್ರ ಮೊದಲು ಅಬ್ರಹಾಮನನ್ನ ಹೊರಗ ಹಾಕಬೇಕಾಗ್ತದ.” ಈ ವಾದಕ್ಕೆ ದೀರ್ಘ ಇತಿಹಾಸವಿದೆ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಮಾರ್ಸಿಯನ್ ಎಂಬಾತ, ಯೆಹೂದಿಗಳ ಸೃಷ್ಟಿಕರ್ತನೇ ಬೇರೆ, ಯೇಸು ತಂದೆಯೆಂದು ಕರೆದ ದೇವರೇ ಬೇರೆ ಎಂದು ಬೋಧಿಸಿದಾಗ ಕ್ರೈಸ್ತ ಸಭೆ ಅವನನ್ನು ಹೊರಗೆ ಹಾಕಿತು. ಯೇಸು ತಾನೇ ಮುಖ್ಯ ಆಜ್ಞೆ ಯಾವುದೆಂದು ಕೇಳಿದವನಿಗೆ ಉತ್ತರಿಸುವಾಗ, ಇಸ್ರಾಯೇಲೇ ಕೇಳು, ನಮ್ಮ ದೇವರಾದ ಕರ್ತನು ಒಬ್ಬನೇ ಎಂಬ ಯೆಹೂದಿಗಳ ನಿತ್ಯಪ್ರಾರ್ಥನೆಯ ಮಾತಿನಿಂದಲೇ ಆರಂಭಿಸುತ್ತಾನೆ.

ಅಬ್ರಹಾಮನು ಯೇಸುವಿಗಿಂತ ಮುಂಚಿನವನು, ತಿಳಿಯದೆ ಇದ್ದವನು. ಮುಸಲ್ಮಾನರು ಕೇಳಿಯೂ ನಿರಾಕರಿಸಿದವರಲ್ಲವೇ, ಎರಡೂ ಒಂದೇ ಆಗುತ್ತದೆಯೇ ಎಂದು ನಾನು ಪಟ್ಟು ಹಿಡಿದೆ. ಅನೇಕ ಪ್ರೊಟೆಸ್ಟೆಂಟ್ ಪಂಡಿತರ ವಾದವೂ ಇದೇ. ಅದು ಬರಿಯ ಪಂಡಿತರ ತರ್ಕವಾಗಿಯೂ ಉಳಿದಿಲ್ಲ: 2015ರ ಕೊನೆಯಲ್ಲಿ, ಮುಸಲ್ಮಾನರೂ ತಾನೂ ಆರಾಧಿಸುವುದು ಒಬ್ಬ ದೇವರನ್ನೇ ಎಂದು ಬರೆದ ಪ್ರಾಧ್ಯಾಪಕಿಯೊಬ್ಬರನ್ನು ಅಮೆರಿಕದ ಕ್ರೈಸ್ತ ಕಾಲೇಜೊಂದು ರಜೆಯ ಮೇಲೆ ಕಳುಹಿಸಿತು, ಮರುವರ್ಷ ಅವರು ಆ ಕಾಲೇಜನ್ನೇ ಬಿಡಬೇಕಾಯಿತು. ಉಪದೇಶಿಗಳು ಬಹಳ ಹೊತ್ತು ಯೋಚಿಸಿ, “ಯೇಸುವಿನ ಮಾತು ಕೇಳಿ ಒಪ್ಪದ ಯೆಹೂದಿಗಳೂ ಅದಾರಲ್ಲ. ಅವರ ದೇವರು ಅವತ್ತಿಗೆ ಬದಲಾದನೇನು?” ಎಂದು ಕೇಳಿದರು. ಪಾದ್ರಿಗಳಿಂದ ಕಲಿತದ್ದನ್ನೂ ನೆನಪಿಸಿಕೊಂಡರು. ಕ್ಯಾಥೋಲಿಕ್ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ, ಅಬ್ರಹಾಮನ ವಿಶ್ವಾಸವನ್ನು ಹೇಳಿಕೊಳ್ಳುವ ಮುಸಲ್ಮಾನರು ನಮ್ಮೊಂದಿಗೆ ಕರುಣಾಮಯನಾದ ಏಕದೇವರನ್ನು ಆರಾಧಿಸುತ್ತಾರೆ ಎಂದು ಸಾರಿತು. ಅವರು ಯೇಸುವನ್ನು ದೇವರೆಂದು ಒಪ್ಪದಿದ್ದರೂ ಪ್ರವಾದಿಯೆಂದು ಗೌರವಿಸುತ್ತಾರೆಂಬುದನ್ನು ಅದೇ ಮಹಾಸಭೆಯ 1965ರ ಘೋಷಣೆ ಮರೆಮಾಚದೆ ಹೇಳಿತು. ಅದಕ್ಕೂ ಬಹಳ ಹಿಂದೆ, 1076ರಲ್ಲಿ, ಪೋಪ್ ಏಳನೆಯ ಗ್ರೆಗೊರಿ ಉತ್ತರ ಆಫ್ರಿಕದ ಮುಸ್ಲಿಂ ಅರಸನೊಬ್ಬನಿಗೆ ಬರೆದ ಪತ್ರದಲ್ಲಿ, ನಾವಿಬ್ಬರೂ ಬೇರೆ ಬೇರೆ ರೀತಿಯಲ್ಲಾದರೂ ಒಬ್ಬ ದೇವರನ್ನೇ ನಂಬುತ್ತೇವೆ ಎಂದಿದ್ದರು.

ನನಗೆ ಅಂದು ಮನದಟ್ಟಾದದ್ದು ಇದು. ಈ ಮೂರು ಮತಗಳವರು ದೇವರನ್ನು ಗುರುತಿಸುವುದು ಗುಣಗಳ ಪಟ್ಟಿಯಿಂದಲ್ಲ, ಒಂದು ಚರಿತ್ರೆಯಿಂದ: ಭೂಮ್ಯಾಕಾಶಗಳನ್ನು ಉಂಟುಮಾಡಿದವನು, ಅಬ್ರಹಾಮನನ್ನು ಕರೆದವನು, ಮೋಶೆಯೊಡನೆ ಮಾತಾಡಿದವನು. ಬಲಿಗೆ ಹೊರಟ ಮಗ ಇಸಾಕನೆಂದು ಬೈಬಲ್ ಹೇಳಿದರೆ, ಇಸ್ಮಾಯಿಲನೆಂದು ಬಹುಪಾಲು ಮುಸಲ್ಮಾನರು ನಂಬುತ್ತಾರೆ. ಆದರೆ ಆ ತಂದೆಯನ್ನು ಕರೆದವನು ಯಾರೆಂಬುದರಲ್ಲಿ ಜಗಳವಿಲ್ಲ. ಆದ್ದರಿಂದ ಒಬ್ಬನೇ ಎನ್ನುವುದೇ ಸರಿಯೆಂದು ನಾನು ನಂಬುತ್ತೇನೆ, ಮತ್ತು ಹಾಗೆಂದ ಮಾತ್ರಕ್ಕೆ ಯೇಸು ಯಾರೆಂಬ ಭಿನ್ನಾಭಿಪ್ರಾಯ ಎಳ್ಳಷ್ಟೂ ಕರಗುವುದಿಲ್ಲವೆಂದೂ ನಂಬುತ್ತೇನೆ. ಸೌಹಾರ್ದದ ಸಭೆಗಳಲ್ಲಿ ಎಲ್ಲವೂ ಒಂದೇ ಎಂದು ಚಪ್ಪಾಳೆ ಗಿಟ್ಟಿಸುವ ಭಾಷಣಕಾರರಿಗಿಂತ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಗೆಳೆಯನ ಮುಖ ನೋಡಿಯೇ ಹೇಳಬಲ್ಲ ಈ ಇಬ್ಬರು ನನಗೆ ದೊಡ್ಡವರಾಗಿ ಕಂಡರು.

ಒಟ್ಟಿಗೆ ಪ್ರಾರ್ಥನೆ ಮಾಡುತ್ತೀರಾ ಎಂದು ಕೇಳಿದ್ದಕ್ಕೆ ಇಲ್ಲವೆಂಬ ಉತ್ತರ ಬಂತು. ಉಪದೇಶಿಗಳ ತಾಯಿ ತೀರಿಕೊಂಡಾಗ ಮಾಸ್ತರರು ಸಮಾಧಿಯವರೆಗೆ ಹೋಗಿ, ಅಲ್ಲಿನ ಪ್ರಾರ್ಥನೆ ಮುಗಿಯುವ ತನಕ ಸ್ವಲ್ಪ ದೂರ ನಿಂತು, ತಮ್ಮ ಪಾಡಿಗೆ ದುವಾ ಮಾಡಿ ಬಂದಿದ್ದರಂತೆ.

ಜಗಲಿಯ ಮೇಲೆ ಮೂರನೆಯ ಮತದವರು ಇರಲಿಲ್ಲ. ಕನ್ನಡ ನೆಲಕ್ಕೆ ಯೆಹೂದಿಗಳು ಅಪರಿಚಿತರೇನಲ್ಲ, ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಸಿಯದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ಬಹುಕಾಲ ನೆಲೆಸಿದ್ದ ಎಂದು ನಾನು ಹೇಳಿದಾಗ ಇಬ್ಬರಿಗೂ ಆಶ್ಚರ್ಯವಾಯಿತು. “ಅವರು ನಮ್ಮಿಬ್ಬರ ಬಗ್ಗೆ ಏನಂತಾರ್ರಿ?” ಎಂದು ಉಪದೇಶಿಗಳು ಕೇಳಿದರು. ನನಗೆ ತಿಳಿದಷ್ಟನ್ನು ಹೇಳಿದೆ. ಬೆನ್ ಯಿಜುವಿಗಿಂತ ತುಸು ಕಿರಿಯನಾದ, ಈಜಿಪ್ಟಿನಲ್ಲಿ ಬಾಳಿದ ಮಹಾಪಂಡಿತ ಮೈಮೊನಿಡೀಸ್, ಮುಸಲ್ಮಾನರ ಏಕದೇವೋಪಾಸನೆಯಲ್ಲಿ ಕಳಂಕವಿಲ್ಲ, ಅವರು ವಿಗ್ರಹಾರಾಧಕರಲ್ಲ ಎಂದು ತೀರ್ಪಿತ್ತ. ಕ್ರೈಸ್ತರ ಆರಾಧನೆಯ ಬಗ್ಗೆ ಅವನಿಗೆ ಆ ಒಪ್ಪಿಗೆ ಇರಲಿಲ್ಲ. ಆದರೆ ಯೆಹೂದಿಗಳ ಧರ್ಮಗ್ರಂಥವಾದ ತೋರಾವನ್ನು ಕ್ರೈಸ್ತರಿಗೆ ಕಲಿಸಬಹುದು, ಅವರು ಅದರ ಪಾಠವನ್ನು ನಮ್ಮಂತೆಯೇ ಒಪ್ಪುತ್ತಾರೆ, ಮುಸಲ್ಮಾನರಿಗೆ ಕಲಿಸುವಂತಿಲ್ಲ ಎಂದೂ ಅವನೇ ಬರೆದ. ಒಂದು ಶತಮಾನದ ಬಳಿಕ ದಕ್ಷಿಣ ಫ್ರಾನ್ಸಿನ ಮೆನಾಹೆಮ್ ಮೆಯಿರಿ, ಕ್ರೈಸ್ತರನ್ನೂ ಧರ್ಮದ ಕಟ್ಟಿಗೆ ಒಳಪಟ್ಟ ಜನಾಂಗಗಳಲ್ಲೇ ಸೇರಿಸಿ, ಪ್ರಾಚೀನ ವಿಗ್ರಹಾರಾಧಕರ ಮೇಲಿನ ನಿಷೇಧಗಳು ಅವರಿಗೆ ಅನ್ವಯಿಸವೆಂದ. ದೇವರನ್ನು ತಿಳಿಯುವುದರಲ್ಲಿ ಮಾಸ್ತರರು ಹತ್ತಿರ, ಗ್ರಂಥವನ್ನು ಓದುವುದರಲ್ಲಿ ಉಪದೇಶಿಗಳು ಹತ್ತಿರ ಎಂದಂತಾಯಿತು.

ಮಾಸ್ತರರು ಸಂತೋಷಪಟ್ಟರು, ಉಪದೇಶಿಗಳಿಗೆ ನೋವಾದದ್ದು ಮುಖದಲ್ಲೇ ಕಂಡಿತು. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ, ಯೆಹೂದಿಗಳ ಪ್ರಾರ್ಥನಾಮಂದಿರವಾದ ಪರದೇಸಿ ಸಿನಗಾಗ್ ಇಂದಿಗೂ ಇದೆಯೆಂದೂ, ಅಲ್ಲಿಗೆ ಹೋಗುವ ಯೋಚನೆ ನನಗಿದೆಯೆಂದೂ ಹೇಳಿದಾಗ ಉಪದೇಶಿಗಳು ಹೀಗೆಂದರು: “ಹೋದ್ರ ಇದನ್ನ ಕೇಳಿ ಬರ್ರಿ. ಮಗನ ಹೆಸರಿನ್ಯಾಗ ನಾ ತಂದೆಗೆ ಮಾಡೂ ಪ್ರಾರ್ಥನೆ, ಅವರ ದೇವರಿಗೆ ಮುಟ್ಟತದ ಅಂತಾರೋ, ಇಲ್ಲ ಅಂತಾರೋ?” ಮಾಸ್ತರರು ಅದಕ್ಕೆ, “ಅದನ್ನ ಅವರನ್ನ ಯಾಕ ಕೇಳ್ತೀ? ಮುಟ್ಟೂದು ಬಿಡೂದು ಅವರ ಕೈಯಾಗಿಲ್ಲ, ನನ್ನ ಕೈಯಾಗೂ ಇಲ್ಲ,” ಎಂದರು. ಉಪದೇಶಿಗಳು, “ಆದರೂ ಕೇಳಿ ಬರ್ರಿ,” ಎಂದರು.